ಆಹೇರದ ಲೆಕ್ಕ ಸುಲಭ ಮಾಡಿದ್ದು

ಚಿಕ್ಕೋಡಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಹೇಳುತ್ತಿದ್ದೇನೆ. ಎಷ್ಟೇ ಉದ್ದದ ಸರಣಿ ಕೊಡಿ, ಅದರ ಮೊತ್ತವನ್ನು ಒಂದೇ ಸಾಲಿಗೆ ಇಳಿಸುತ್ತೇನೆ. ಇಂಥ ನನಗೆ ಒಂದು ಮದುವೆಯ ಆಹೇರದ ಯಾದಿ ಯಾವ ದೊಡ್ಡ ಲೆಕ್ಕ ಎಂದುಕೊಂಡೆ. ಅಲ್ಲಿಂದಲೇ ಕೆಟ್ಟಿತು.

ಮದುವೆ ಐನಾಪುರದಲ್ಲಿ, ನನ್ನ ಹೆಂಡತಿ ಶೋಭಾಳ ಅಣ್ಣ ಅಪ್ಪಾಸಾಬರ ಮಗಳದು. ನಮ್ಮ ಕಡೆ ಅಕ್ಷತೆ ಬಿದ್ದ ಮೇಲೆ, ಊಟಕ್ಕೆ ಮೊದಲು ಆಹೇರ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಒಂದು ಮನೆಯವರು ಇನ್ನೊಂದು ಮನೆಯ ಹಿರಿಯರ ತಲೆಗೆ ಟೋಪಿ ಇಟ್ಟು, ಹೆಗಲಿಗೆ ಟಾವೆಲು ಹಾಕಿ, ಕೈಗೆ ತೆಂಗಿನಕಾಯಿ ಕೊಡುತ್ತಾರೆ. ಪಡೆದವರು ಎದ್ದು ತಾವು ತಂದ ಚೀಲದಿಂದ ಮುಂದಿನ ಮನೆಯವರಿಗೆ ಅಷ್ಟನ್ನೇ ಕೊಡುತ್ತಾರೆ. ಹೀಗೆ ಒಂಬತ್ತು ಮನೆ! ಇದನ್ನು ನೋಡಿ ನೋಡಿ ನಾನು ದಣಿದಿದ್ದೇನೆ. ಹಸಿದು ದಣಿದಿದ್ದೇನೆ ಎಂದರೆ ಇನ್ನೂ ನಿಜ. ಹೋದ ಮದುವೆಯಲ್ಲಿ ನನ್ನ ತಾಟಿಗೆ ಹುಗ್ಗಿ ಬೀಳುವಾಗ ಮೂರೂವರೆಯಾಗಿತ್ತು.

"ಮಾಸ್ತರ್ರ, ಆಹೇರದ ಯಾದಿ ನೀವ ನೋಡಕೋರಿ. ಲೆಕ್ಕದ ಮಂದಿ ನೀವು," ಎಂದರು ಅಪ್ಪಾಸಾಬ.

ಶೋಭಾ ಒಂದೇ ಮಾತು ಹೇಳಿದಳು. "ಯಾದಿ ಹೆಂಗರ ಬರೀರಿ. ಪಾಲಬಾವಿ ಕಾಕಾಗ ಮಾತ್ರ ಬ್ಯಾಸರ ಆಗಬಾರ್ದು."

ಅಪ್ಪ ಇಲ್ಲದ ಶೋಭಾಳನ್ನು ಕುರಿ ಕಾಯ್ದು ಸಾಕಿದ ಚಿಕ್ಕಪ್ಪ ಈ ಕಾಕಾ. ಆರು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಅವರಿಗಿಂತ ಕಿರಿಯನೊಬ್ಬನ ಹೆಸರನ್ನು ಮೊದಲು ಕೂಗಿದ್ದರು. ಕಾಕಾ ಉಣ್ಣದೆ ಎದ್ದು ಹೋದವರು ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ಕಿರಿಯ ಯಾರೆಂದು ಕೇಳಬೇಡಿ. ನಾನೇ! ಈ ಸಲ ಶೋಭಾ ಮೂರು ಬಾರಿ ಪಾಲಬಾವಿಗೆ ಹೋಗಿ ಕರೆದಿದ್ದಳು. ಮೂರನೆಯ ಸಲ "ಬರ್ತೀನಿ ತಗೋ ಮಗಳ" ಎಂದರಂತೆ. ಬಸ್ಸಿನಲ್ಲಿ ಚಿಕ್ಕೋಡಿಯವರೆಗೂ ಅತ್ತುಕೊಂಡೇ ಬಂದಳು.

ಯಾದಿ ಹಿಡಿದು ಕೂತೆ. ಮೊದಲು ಅಪ್ಪಾಸಾಬ, ಕೊನೆಗೆ ಬೀಗರು; ನಡುವೆ ಕಾಕಾ ಐದನೆಯವರು, ನಾನು ಆರನೆಯವನು. ನೋಡುತ್ತ ನೋಡುತ್ತ ನನಗೆ ತರಗತಿಯ ಬೋರ್ಡು ಕಾಣಿಸಿತು.

(1 − 1/2) + (1/2 − 1/3) + (1/3 − 1/4) ...

ಇಲ್ಲಿ ಕಳೆದ ಅರ್ಧ ಪಕ್ಕದಲ್ಲೇ ಕೂಡುತ್ತದೆ, ಎರಡೂ ಹೋದವು. ಸರಣಿ ಎಷ್ಟೇ ಉದ್ದವಿರಲಿ, ನಡುವಿನದೆಲ್ಲ ಹೋಗಿ ಮೊದಲನೆಯದು ಮತ್ತು ಕೊನೆಯದು ಮಾತ್ರ ಉಳಿಯುತ್ತವೆ. ಆಹೇರವೂ ಇದೇ ಅಲ್ಲವೇ? ಎರಡನೆಯ ಮನೆಯವರು ಒಂದು ಟೋಪಿ ತಗೊಂಡರು, ಒಂದು ಕೊಟ್ಟರು. ಸೊನ್ನೆ. ಮೂರನೆಯವರು, ಸೊನ್ನೆ. ಕಾಕಾ, ಸೊನ್ನೆ. ಕೆಂಪು ಪೆನ್ನು ತೆಗೆದು ಏಳು ಹೆಸರು ಹೊಡೆದೆ. ಪಕ್ಷಪಾತ ಬೇಡವೆಂದು ಮೊದಲು ನನ್ನ ಹೆಸರನ್ನೇ ಹೊಡೆದೆ. ಉಳಿದದ್ದು, ಅಪ್ಪಾಸಾಬರಿಂದ ಬೀಗರಿಗೆ ಒಂದು ಆಹೇರ. ಎರಡೇ ನಿಮಿಷ!

ಶೋಭಾಳ ಮಾತನ್ನು ಮರೆತಿರಲಿಲ್ಲ. ಕಾಕಾರ ಹೆಸರೇ ಇಲ್ಲದ ಮೇಲೆ ಅದು ಯಾರ ಹೆಸರಿನ ಹಿಂದೆಯೂ ಬರುವುದಿಲ್ಲ, ಆದ್ದರಿಂದ ಜಗಳಕ್ಕೆ ಕಾರಣವೇ ಇಲ್ಲ ಎಂದು ನನಗೆ ನಾನೇ ಸಾಧಿಸಿ ತೋರಿಸಿಕೊಂಡೆ. ಯಾದಿಯನ್ನು ಅಪ್ಪಾಸಾಬರಿಗೆ ತೋರಿಸಿದೆ. ಅಡಿಗೆಯವರ ಜೊತೆ ವಾದಕ್ಕೆ ಬಿದ್ದಿದ್ದ ಅವರು "ನೀವ ಬರದದ್ದ ಖರೆ" ಎಂದರು.

ಬೀಗರಿಗೆ ಟೋಪಿ ಇಟ್ಟಾಯಿತು. ಮೈಕಿನವನು ಕಾಗದ ತಿರುವಿ ಹಿಂದೆ ನೋಡಿದ. "ಮುಗೀತೇನ್ರಿ ಸರ?"

"ಮುಗೀತು. ಊಟಕ್ಕ ಏಳಾಕ ಹೇಳು."

ಯಾರೂ ಏಳಲಿಲ್ಲ. ಹಿರಿಯರೆಲ್ಲ ಆಹೇರದ ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕಾಕಾ. ಟೋಪಿ ಇಡಲು ಅನುಕೂಲವಾಗಲೆಂದು ರುಮಾಲು ಬಿಚ್ಚಿ ಮೊದಲೇ ಬರಿದಲೆಯಲ್ಲಿ ಕೂತಿದ್ದರು. ಈಗ ರುಮಾಲು ಮತ್ತೆ ಸುತ್ತಿಕೊಂಡು, ಚೀಲ ತಗೊಂಡು ಹೊರಟರು.

ಶೋಭಾ ಒಳಗಿನಿಂದ ಓಡಿ ಬಂದಳು. "ಏನ ಮಾಡೀರಿ ನೀವು?"

"ಸುಲಭ ಮಾಡೀನಿ."

"ಕಾಕಾನ್ನ ಕರಕೊಂಡ ಬರ್ರಿ. ಇಲ್ಲಾಂದ್ರ ನೀವೂ ಅದ ಬಸ್ಸ ಹತ್ತಿ ಹೋಗ್ರಿ!"

ಕಾಕಾ ಪಾಲಬಾವಿಗೆ ಹೋಗಲು ಬಸ್ ನಿಲ್ದಾಣದಲ್ಲಿ ಕುಡಚಿ ಬಸ್ಸಿಗೆ ಕಾಯುತ್ತಿದ್ದರು. ನಾನು ಕ್ಷಮೆ ಕೇಳಬೇಕಿತ್ತು. ಪಾಠ ಮಾಡಿದೆ!

"ಕಾಕಾ, ನಿಮಗ ಒಂದ ಟೋಪಿ ಬಂತು. ನೀವು ಒಂದ ಟೋಪಿ ಕೊಟ್ರಿ. ಉಳದದ್ದೇನ್ರಿ?"

"ಏನೂ ಇಲ್ಲ."

"ಅದಕ್ಕ ಹೊಡದ ಹಾಕೀನ್ರಿ."

ಕಾಕಾ ನನ್ನ ಕಡೆ ತಿರುಗಿದರು. "ಅಳಿಯಾರ, ನಮ್ಮ ಮನ್ಯಾಗ ಟೋಪಿ ಹತ್ತ ಅದಾವ. ಒಂದೂ ಹಾಕ್ಕೊಳ್ಳಂಗಿಲ್ಲ ನಾ. ಆದ್ರ ಬರೂದಕ್ಕೂ ಹೋಗೂದಕ್ಕೂ ನಡುವ ಅದು ಒಂದ ಗಳಿಗಿ ತಲಿ ಮ್ಯಾಲ ಇರತೈತಿ. ಮೈಕಿನ್ಯಾಗ ನನ್ನ ಹೆಸರ ಒದರತಾರ. ನಾ ಸಾಕಿದ ಮಗಳು ಒಳಗ ನಿಂತ ಕೇಳತಾಳ. ಅದನ್ನ ಯಾವ ಕಡೆ ಬರಕೊಂಡೀರಿ?"

ಇಪ್ಪತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಅಷ್ಟರಲ್ಲಿ ಬಸ್ಸೂ ಬಂತು. ಕಾಕಾರ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ತಪ್ಪಾತ್ರಿ ಕಾಕಾ. ಒಂಬತ್ತೂ ಮನಿ ಮೊದಲಿಂದ ಓದಸ್ತೀನಿ. ಬರ್ರಿ."

"ಯಾರ ಹೆಸರ ಮೊದಲ? ನಂದೋ, ನಿಮ್ದೋ?"

"ನಿಮ್ದ ರೀ! ನೀವ ಐದು, ನಾ ಆರು."

ಕಾಕಾ ಬಸ್ಸಿನ ಕಂಡಕ್ಟರನಿಗೆ ಕೈಬೀಸಿ ಹೋಗು ಎಂದರು.

ಒಂಬತ್ತೂ ಮನೆಯ ಆಹೇರ ಮತ್ತೆ ಮೊದಲಿನಿಂದ ನಡೆಯಿತು. ಶಿಕ್ಷೆಯೆಂದು ತೆಂಗಿನಕಾಯಿಯ ಬುಟ್ಟಿ ನನ್ನ ಕೈಗೆ ಬಂತು. ಕಾಕಾರ ಹೆಸರು ಕೂಗಿದಾಗ ಶೋಭಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆರನೆಯವನಾದ ನನಗೆ ಕಾಕಾ ತಾವೇ ಟೋಪಿ ಇಟ್ಟರು. ಅದು ಕಿವಿಯವರೆಗೆ ಇಳಿಯಿತು. ನಾವು ಒಯ್ದ ಟೋಪಿಯನ್ನು ನಾನು ಏಳನೆಯವರಿಗೆ ಇಟ್ಟೆ. ಹುಗ್ಗಿ ಸಿಕ್ಕಾಗ ನಾಲ್ಕು ಗಂಟೆ. ಆರಿಹೋಗಿತ್ತು.

ಸಂಜೆ ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಟೋಪಿ ಒಯ್ದಿದ್ದೆವು, ಒಂದು ಟೋಪಿ ತಂದಿದ್ದೆವು. ಸೊನ್ನೆ! ನನ್ನ ಸೂತ್ರ ಅಕ್ಷರಶಃ ಸರಿಯಾಗಿತ್ತು. ಹೇಳೋಣವೆಂದು ಬಾಯಿ ತೆರೆದೆ. ಶೋಭಾ ನನ್ನ ಮುಖ ನೋಡಿದಳು.

"ಮೊದಲ ಆ ಟೋಪಿ ತಗೀರಿ," ಎಂದಳು.

ತಲೆ ಮುಟ್ಟಿ ನೋಡಿಕೊಂಡೆ. ಇತ್ತು. ಐನಾಪುರದಿಂದ ಚಿಕ್ಕೋಡಿಯವರೆಗೆ ಬಸ್ಸಿನವರೆಲ್ಲ ನನ್ನನ್ನು ನೋಡಿ ಯಾಕೆ ನಗುತ್ತಿದ್ದರು ಎಂಬುದು ಆಗ ತಿಳಿಯಿತು.