ಅಕ್ಕನಿಗೆ ಒಯ್ದ ಆಟಿ ಸೊಪ್ಪು

ಆಟಿ ಹದಿನೆಂಟರ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳಲಿಲ್ಲ. ನಾನು ಮಾಡಬೇಕಾಗಿದ್ದು, ಮಾಡದೆ ಹೋದದ್ದು ಇಷ್ಟೇ. ಇದೂ ಒಂದು ತಪ್ಪೇ, ಮಳೆಗಾಲದಲ್ಲಿ ಯಾರು ತಾನೇ ಹೊತ್ತಿಗೆ ಸರಿಯಾಗಿ ಏಳುತ್ತಾರೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಲೋಕದಲ್ಲಿ ಕೇಡು ಮಾಡುವವರೆಲ್ಲ ಎದ್ದು ಓಡಾಡುವವರು, ಕಂಬಳಿ ಹೊದ್ದು ಮಲಗಿದವನಿಂದ ಯಾರಿಗೆ ಏನಾದೀತು ಎಂಬ ಧೈರ್ಯ ನನಗಿತ್ತು. ಮಲಗಿದಲ್ಲಿಂದಲೇ ಒಬ್ಬರ ಮನಸ್ಸು ಮುರಿಯಬಹುದು, ಅದೂ ಅವರು ಒಂದು ಹಗಲಿನ ಬಸ್ಸುದಾರಿಯ ಆಚೆಗಿದ್ದರೂ ಮುರಿಯಬಹುದು ಎಂಬುದು ಆಮೇಲೆ ತಿಳಿಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಂಥದ್ದೆಲ್ಲ ತಡವಾಗಿಯೇ ತಿಳಿಯುತ್ತದೆ.

ಕೊಡಗಿನವರಿಗೆ ಆಟಿ ಹದಿನೆಂಟು ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ನಾಟಿ ಕೆಲಸದಲ್ಲಿ ಮೈಕೈ ಸೋತು, ಬಟ್ಟೆ ಒಣಗದೆ, ಕೆಮ್ಮು ಶೀತ ಮನೆಮನೆ ಸುತ್ತುವ ತಿಂಗಳು ಆಟಿ. ಆಗ ಕಾಡಂಚಿನ ಒಂದು ಗಿಡಕ್ಕೆ ದಿನಕ್ಕೊಂದರಂತೆ ಮದ್ದು ಬಂದು ಸೇರುತ್ತದೆ, ಹದಿನೆಂಟನೆಯ ದಿನಕ್ಕೆ ಹದಿನೆಂಟೂ ತುಂಬುತ್ತವೆ ಎಂದು ನಮ್ಮ ನಂಬಿಕೆ. ಕೊಡವರು ಇದನ್ನು ಕಕ್ಕಡ ಹದಿನೆಂಟು ಎನ್ನುತ್ತಾರೆ, ಅರೆಭಾಷೆಯವರಾದ ನಾವು ಆಟಿ ಎನ್ನುತ್ತೇವೆ. ಗಿಡ ಇಬ್ಬರಿಗೂ ಒಂದೇ ಬಣ್ಣ ಬಿಡುತ್ತದೆ. ಆ ದಿನ ಬೆಳಿಗ್ಗೆ ಊರಿಗೆ ಊರೇ ಒಟ್ಟಾಗಿ ಹೋಗಿ ಸೊಪ್ಪು ಕೊಯ್ದು, ಕುದಿಸಿ, ಆ ನೇರಳೆ ಬಣ್ಣದ ರಸದಲ್ಲಿ ಅಕ್ಕಿ ಬೆಲ್ಲ ಕಾಯಿಹಾಲು ಹಾಕಿ ಪಾಯಸ ಮಾಡಿ ತಿನ್ನುತ್ತದೆ. ಕಕ್ಕಬೆಯ ಹತ್ತಿರದ ನಮ್ಮ ಊರಿನಲ್ಲಿ ಈ ದಂಡಿನ ಮುಂದಾಳು ಕುಶಾಲಪ್ಪಣ್ಣ. ಮೊಣಕಾಲು ನೋವಿನವರು, ಬಾಣಂತನ ಮುಗಿಸಿದವರು, ಯಾರನ್ನೂ ಮನೆಯಲ್ಲಿ ಕೂರಲು ಬಿಡುವುದಿಲ್ಲ. "ಪೇಟೆಯವ್ಕೆ ಮದ್ದು ಬಾಟ್ಲಿಲಿ ಬಂದದೆ. ನಾವು ಮದ್ದು ಇದ್ದಲ್ಲಿಗೆ ನಡ್ಕಂಡ್ ಹೋಕು" ಎನ್ನುತ್ತಾರೆ. ಈ ಬಾಟಲಿಯ ಮಾತು ಮುಂದೆ ನನಗೇ ಬಂದು ತಾಗಿತು.

ಪಾಯಸಕ್ಕೆ ಒಂದು ಸಾಕ್ಷಿಯೂ ಇದೆ. ಸರಿಯಾದ ಸೊಪ್ಪು ತಿಂದವನು ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋದರೆ ಮೂತ್ರ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹಿಡಿಯಿತು ಎಂದು ಅರ್ಥ. ಆ ದಿನ ನಮ್ಮಲ್ಲಿ ನಮಸ್ಕಾರ, ಕಾಫಿ ಆಯಿತೇ ಎಂಬುದೆಲ್ಲ ಇಲ್ಲ. ದಾರಿಯಲ್ಲಿ ಸಿಕ್ಕವರು "ಬಾತಾ?" ಎನ್ನುತ್ತಾರೆ, ಕೆಂಪು ಬಂತೇ ಎಂದು, ನಾವು "ಬಾತ್" ಎನ್ನುತ್ತೇವೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಬಯಲುಸೀಮೆಯಿಂದ ಒಬ್ಬ ಕಾಂಪೌಂಡರು ನಮ್ಮ ಕಡೆಗೆ ವರ್ಗವಾಗಿ ಬಂದಿದ್ದರು. ಯಾರೋ ಪ್ರೀತಿಯಿಂದ ಎರಡು ಬಟ್ಟಲು ಪಾಯಸ ಬಡಿಸಿದರು, ಮರುದಿನದ ಸಂಗತಿ ಹೇಳಲು ಮರೆತರು. ಬೆಳಿಗ್ಗೆ ಆ ಮನುಷ್ಯ ತನ್ನದೇ ಬೀರುವಿನ ಔಷಧಿಗಳನ್ನೆಲ್ಲ ಒಂದೊಂದು ಗುಟುಕು ಕುಡಿದು, ಹೆಂಡತಿಯನ್ನು ಕರೆಸಿ ಎಂದು ಜೋಲುಮುಖ ಹಾಕಿ ಕುಳಿತಿದ್ದರು. ಪಾಯಸದಿಂದ ಏನೂ ಆಗಲಿಲ್ಲ. ಔಷಧಿಗಳಿಂದ ಎರಡು ದಿನ ಹೊಟ್ಟೆ ಕೆಟ್ಟಿತ್ತು.

ನಾನು ಎಲ್ಲಿಗೋ ಹೋದೆ. ಅಕ್ಕನ ವಿಷಯಕ್ಕೆ ಬರುವುದನ್ನು ತಪ್ಪಿಸಿಕೊಳ್ಳಲು ಕಾಂಪೌಂಡರನ್ನು ಎಳೆದು ತಂದೆ ಅಂತಲೂ ಹೇಳಬಹುದು.

ನನಗೆ ಇರುವುದು ಒಬ್ಬಳೇ ಅಕ್ಕ, ಪೂವಮ್ಮ. ಭಾವ ಶನಿವಾರಸಂತೆಯ ಮರದ ಡಿಪೋದಲ್ಲಿ ಕಾವಲಿನ ಕೆಲಸದಲ್ಲಿದ್ದರು. ಅವರು ತೀರಿಹೋದ ಮೇಲೆ ಅಕ್ಕ ಅಲ್ಲಿಯೇ, ಸಂತೆಮಾಳದ ಹಿಂದಿನ ಒಂದು ಸಾಲುಮನೆಯಲ್ಲಿ, ಹೊಲಿಗೆ ಮಿಷನ್ನು ಇಟ್ಟುಕೊಂಡು ಉಳಿದಳು. ಮಕ್ಕಳಿಲ್ಲ. "ನನ್ನಲ್ಲಿಗೇ ಬಂದುಬಿಡು" ಎಂದು ನಾನು ಕರೆದದ್ದುಂಟು. ಆದರೆ ಬಾರದಿದ್ದರೆ ಒಳ್ಳೆಯದು ಎಂಬಂತೆ ಕರೆದೆ. ನನಗೆ ಇರುವುದು ಎಸ್ಟೇಟಿನ ಕೆಲಸಗಾರರ ಲೈನುಮನೆಯ ಕೊನೆಯ ಎರಡು ಕೋಣೆ, ಕಾಫಿ ಕಣ ನೋಡಿಕೊಳ್ಳುವ ಕೆಲಸ, ಮತ್ತು ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಒಂಟಿ ಬಾಳು. ಅಕ್ಕನಿಗೆ ನನ್ನ ದನಿ ಅರ್ಥವಾಯಿತು. "ಇಲ್ಲೇ ಹೊಲಿಗೆ ಉಟ್ಟಲ್ಲ, ಸಾಕು" ಎಂದಳು. ಉಂಟು ಎನ್ನುವುದಕ್ಕೆ ನಮ್ಮ ಅರೆಭಾಷೆಯಲ್ಲಿ ಉಟ್ಟು.

ಆ ಸಾಲಿನವರಿಗೆ ಅವಳು ಹೊಲಿಗೆಯಮ್ಮ. ಬಟ್ಟೆ ಹಿಡಿದು ಬರುವರು, ರವಕೆ ಹಿಡಿದು ಹೋಗುವರು. ಸುಮ್ಮನೆ ಬಂದು ಕೂರುವವರು ಇರಲಿಲ್ಲ. ವರ್ಷಕ್ಕೊಮ್ಮೆ ನಾನು ಆಟಿ ಸೊಪ್ಪು ಒಯ್ಯುತ್ತಿದ್ದೆ. ಬಸ್ಸಿನಲ್ಲಿ ಸೊಪ್ಪು ಬಾಡುತ್ತದೆಂದು ಕುದಿಸಿ ಸೋಸಿ ಬಾಟಲಿಯಲ್ಲಿ ತುಂಬುವುದು ನನ್ನ ಕ್ರಮ. ಅವಳು ಒಬ್ಬಳೇ ಪಾಯಸ ಮಾಡಿ ಒಬ್ಬಳೇ ತಿನ್ನುತ್ತಿದ್ದಳು. ಒಂದು ವರ್ಷ ಪಕ್ಕದ ಮನೆಯ ಪುಟ್ಟತಾಯಮ್ಮನಿಗೂ ಒಂದು ಬಟ್ಟಲು ಕೊಟ್ಟಳಂತೆ. ಮರುದಿನ ಬೆಳಿಗ್ಗೆ ಪುಟ್ಟತಾಯಮ್ಮ ನಗುತ್ತಾ ಓಡಿಬಂದು, ಕೈಯಲ್ಲಿ ಬಟ್ಟೆಯಿಲ್ಲದೆ ಓಡಿಬಂದು, ಅಕ್ಕನ ಹೊಸ್ತಿಲಲ್ಲಿ ಕೂತು ಕಾಫಿ ಕುಡಿದಳು. ಸುದ್ದಿ ಸಾಲೆಲ್ಲ ಹಬ್ಬಿತು. ಮುಂದಿನ ಆಟಿಗೆ ಎಲ್ಲರಿಗೂ ಬೇಕು ಎಂದಾಯಿತು. ಅಕ್ಕ ಬಸ್ಸಿನ ಕಂಡಕ್ಟರ ಬಾಯಲ್ಲಿ ಹೇಳಿ ಕಳಿಸಿದಳು: ಈ ಸಲ ಜಾಸ್ತಿ ತಾ, ಮನೆಗೆ ಜನ ಬರುತ್ತಾರೆ.

ಮನೆಗೆ ಜನ ಬರುತ್ತಾರೆ ಎಂಬ ಮಾತನ್ನು ನಾನು ಕೇಳಿಸಿಕೊಂಡೆ, ಕಿವಿಯಿಂದ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ಬೆಳಿಗ್ಗೆ ಕುಶಾಲಪ್ಪಣ್ಣ ಲೈನಿನ ಮುಂದೆ ನಿಂತು ಕರೆದರು. ಮಳೆ ಹೊಯ್ಯುತ್ತಿತ್ತು. ನಾನು ಉಸಿರು ಹಿಡಿದು ಮಲಗಿದ್ದೆ. ಜಿಗಣೆ ಎಂದರೆ ನನಗೆ ಹೆದರಿಕೆ. ಎಸ್ಟೇಟಿನಲ್ಲಿ ಕೆಲಸ ಮಾಡುವವನು ಇದನ್ನು ಹೊರಗೆ ಹೇಳುವಂತಿಲ್ಲ. ಆದರೆ ಜಿಗಣೆ ಅರ್ಧ ಕಾರಣ. ಆ ದಂಡಿನಲ್ಲಿ ಗಂಡನ ಕೊಡೆಯಲ್ಲಿ ಹೆಂಡತಿ, ಅಜ್ಜಿಯ ಕಂಬಳಿಕೊಪ್ಪೆಯಲ್ಲಿ ಮೊಮ್ಮಗಳು ಹೋಗುತ್ತಾರೆ. ನನ್ನ ಕೊಡೆಯಲ್ಲಿ ನಾನೊಬ್ಬನೇ. ಇಡೀ ವರ್ಷ ಒಂಟಿಯಾಗಿರುವುದು ನನಗೆ ಕಷ್ಟವಲ್ಲ, ಹಾಗೆ ಎಲ್ಲರ ನಡುವೆ ಒಂಟಿಯಾಗಿ ನಡೆಯುವ ಆ ಒಂದು ಬೆಳಿಗ್ಗೆ ಕಷ್ಟ. ಅವರು ಹೋಗಲಿ, ಆಮೇಲೆ ಹೋದರಾಯಿತು ಎಂದುಕೊಂಡೆ.

ಆಮೇಲೆ ಹೋದಾಗ ಕಾಡಂಚಿನಲ್ಲಿ ಬರಿಯ ಮೋಟು ಕಡ್ಡಿಗಳಿದ್ದವು. ಊರಿಗೆ ಊರೇ ಕೊಯ್ದ ಮೇಲೆ ಏನು ಉಳಿಯುತ್ತದೆ? ಕುಶಾಲಪ್ಪಣ್ಣನ ಹೆಂಡತಿ ಚಿನ್ನಮ್ಮಕ್ಕ ತಮ್ಮ ಪಾಲಿನಿಂದ ಒಂದು ಹಿಡಿ ಕೊಟ್ಟರು. "ಇಷ್ಟೇ ಉಳ್ದದ್ದ್ ಬೆಳ್ಯಪ್ಪ. ನಿಂಗೊಬ್ಬಂಗೆ ಸಾಕಲ್ಲ" ಎಂದರು. ಅಕ್ಕನಿಗೆ ಬೇಕು ಎಂದು ಹೇಳಿದ್ದರೆ ಊರಿನವರು ಮನೆಗೊಂದು ಹಿಡಿ ಕೊಡುತ್ತಿದ್ದರು. ಹೇಳಲು ನಾಚಿಕೆಯಾಯಿತು. ಬಸ್ಸಿನ ಹೊತ್ತಾಗಿತ್ತು. ಒಂದು ಹಿಡಿ ಸೊಪ್ಪಿಗೆ ಒಂದು ಹಂಡೆ ನೀರು ಸುರಿದೆ. ಬಣ್ಣ ಬರಲಿಲ್ಲ, ಬರುವುದಾದರೂ ಹೇಗೆ. ಆಗ ಹಿತ್ತಲಿನ ಕೆಂಪು ಹರಿವೆ ಸೊಪ್ಪು ಕಣ್ಣಿಗೆ ಬಿತ್ತು. ನನ್ನ ಜೀವಮಾನದಲ್ಲಿ ಬುದ್ಧಿ ಚುರುಕಾಗಿ ಓಡಿದ್ದು ಅದೊಂದೇ ಸಲ. ಎರಡು ಕಟ್ಟು ಹರಿವೆ ಬಿದ್ದ ಮೇಲೆ ನೀರು ಎಂಥ ಚೆಂದದ ಬಣ್ಣ ತಿರುಗಿತೆಂದರೆ, ನನಗೇ ಸ್ವಲ್ಪ ಹೊತ್ತು ಅದು ಆಟಿ ಸೊಪ್ಪೇ ಎನಿಸಿಬಿಟ್ಟಿತು.

ಸಂಜೆ ಅಕ್ಕ ಒಂದು ಬಾಟಲಿಯ ಬಿರಡೆ ತೆಗೆದು ಮೂಸಿದಳು. "ಬೆಳ್ಯ, ವಾಸನೆ ಕಮ್ಮಿ ಉಟ್ಟಲ್ಲ."

"ಮಳೆ ಜಾಸ್ತಿ ಅಕ್ಕ. ಸೊಪ್ಪು ನೀರು ಕುಡ್ದುಟ್ಟು."

"ಇಲ್ಲೆ, ನನ್ನ ಮೂಗೇ ಸರಿ ಇಲ್ಲೆ. ಎರಡು ದಿನಂದ ಶೀತ" ಎಂದು ಬಾಟಲಿಗಳನ್ನೆಲ್ಲ ಒಲೆಯ ಹತ್ತಿರ ಇಟ್ಟಳು. ನಾನು ಕಾಯಿ ತುರಿಯಲು ಕುಳಿತೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

ಜನ ಬಂದರು. ಪುಟ್ಟತಾಯಮ್ಮ, ಅವಳ ಗಂಡ, ಕಡಲೆಪುರಿ ಮಾರುವವರ ಸಂಸಾರ, ಬೀಡಿ ಅಂಗಡಿಯ ಕಾಕ, ಇನ್ನೂ ಯಾರಾರೋ. ಅಕ್ಕ ಮಿಷನ್ನನ್ನು ಮೂಲೆಗೆ ತಳ್ಳಿ ಚಾಪೆ ಹಾಸಿದ್ದಳು. ಮಡಿಸಿಟ್ಟಿದ್ದ ಸೀರೆ ಉಟ್ಟಿದ್ದಳು. ಕಾಡು ಹೇಗಿರುತ್ತದೆ, ಸೊಪ್ಪು ಎಲ್ಲಿ ಬೆಳೆಯುತ್ತದೆ, ಚಿಕ್ಕಂದಿನಲ್ಲಿ ತಾನು ಅಪ್ಪನ ಹಿಂದೆ ಹೇಗೆ ಹೋಗುತ್ತಿದ್ದೆ ಎಂದು ಹೇಳಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. "ನಾಳೆ ಬೆಳಿಗ್ಗೆ ಯಾರೂ ಹೆದರಬಾರದು" ಎಂದಾಗ ಎಲ್ಲರೂ ನಕ್ಕರು. ಕಾಕ ಎರಡನೇ ಸಲ ಹಾಕಿಸಿಕೊಂಡರು. ನಾನೂ ತಿಂದೆ. ಹರಿವೆಗೆ ಬೆಲ್ಲ, ತುಪ್ಪ ಅಷ್ಟು ಹೊಂದುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬೆಳಗಾಯಿತು. ಸಾಲಿನ ಹಿಂದಿನಿಂದ ಒಬ್ಬೊಬ್ಬರೇ ಬಂದರು. ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಎರಡು ದಪ ಹೋಗ್ಬಂದೆ ಕಣಕ್ಕ. ಏನೂ ಇಲ್ಲ" ಎಂದಳು. ಅವಳ ಗಂಡ, "ನಂದೂ ದಿನದಂಗೇ ಐತೆ" ಎಂದ. ಕಾಕ ಎರಡು ಚೊಂಬು ನೀರು ಕುಡಿದು ಮತ್ತೊಮ್ಮೆ ಹೋಗಿ ನೋಡಿ ಬಂದು, ಪರೀಕ್ಷೆಯಲ್ಲಿ ನಪಾಸಾದವರಂತೆ ತಲೆಯಾಡಿಸಿದರು. ಮೊದಲು ಎಲ್ಲರೂ ನಗುತ್ತಲೇ ಇದ್ದರು. ಆಮೇಲೆ ಹಿಂದೆ ನಿಂತಿದ್ದ ಯಾರೋ ಮೆಲ್ಲಗೆ, "ಗಂಡ ಇಲ್ದೋರ ಕೈಲಿ ಹಬ್ಬದ್ದು ಮಾಡಿಸ್ಬಾರ್ದಾಗಿತ್ತು ಬುಡು" ಅಂದರು. ಮೆಲ್ಲಗೆ ಅಂದದ್ದು ಸಾಲುಮನೆಯಲ್ಲಿ ಎಲ್ಲರಿಗೂ ಕೇಳುತ್ತದೆ.

ಅಕ್ಕ ಹಾಸಿದ್ದ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದಳು. ಆಮೇಲೆ, "ನನ್ನ ಕೈಲೇ ಏನೋ ಹೆಚ್ಚುಕಮ್ಮಿ ಆಗಿದೆ. ಸೊಪ್ಪಿನ ಮೇಲೆ ತಪ್ಪು ಹೇಳಬೇಡಿ. ನನ್ನ ತಮ್ಮ ಮಳೇಲಿ ಕಾಡಿಗೆ ಹೋಗಿ ಕೊಯ್ದು ತಂದದ್ದು" ಎಂದಳು.

ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟ ಬಾಯಿಗಿಟ್ಟವನು ಮಾತಾಡಬೇಕಾಗಿಲ್ಲವಲ್ಲ. ಕಾಫಿ ಮುಗಿದ ಮೇಲೂ ಲೋಟ ಕೆಳಗಿಡಲಿಲ್ಲ. ಮೊದಲ ಬಸ್ಸಿಗೆ ಹೊರಟುಬಿಟ್ಟೆ.

ಆ ವರ್ಷ ನಾನು ಶನಿವಾರಸಂತೆಯ ಕಡೆ ತಲೆ ಹಾಕಲಿಲ್ಲ. ಕಣದಲ್ಲಿ ಕಾಫಿ ಹರವಿದೆ, ಮೂಟೆ ಕಟ್ಟಿಸಿದೆ, ಸಂಜೆ ಎರಡು ಕೋಣೆಗೂ ಬೇರೆ ಬೇರೆ ದೀಪ ಹಚ್ಚಿ ಕುಳಿತೆ. ಹಿತ್ತಲಿನ ಹರಿವೆಯನ್ನು ಕಿತ್ತುಹಾಕಿದೆ. ಅದು ಬಿದ್ದ ಬೀಜದಿಂದ ತಾನೇ ಮತ್ತೆ ಎದ್ದಿತು, ಅದೂ ಬಾಗಿಲಿನ ಎದುರಿಗೆ. ತಪ್ಪನ್ನು ಬರೆದು ತಿಳಿಸೋಣವೆಂದು ಒಂದು ಕಾರ್ಡು ತಂದಿದ್ದೆ. ಕಾರ್ಡನ್ನು ಅಂಚೆಯವನಿಂದ ಹಿಡಿದು ಎಲ್ಲರೂ ಓದುತ್ತಾರೆಂದು ಹಾಗೇ ಇಟ್ಟೆ. ಮತ್ತೆ ಆಟಿ ಬಂತು. ಕಂಡಕ್ಟರು ಬಸ್ಸು ನಿಲ್ಲಿಸಿ ನನ್ನನ್ನು ಕೂಗಿ ಕರೆದರು.

"ನಿಮ್ಮಕ್ಕ ಹೇಳಿ ಕಳ್ಸಿದಾರೆ. ಈ ಸಲ ಸೊಪ್ಪು ಬೇಡವಂತೆ. ನೀವು ಬರೋದಾದ್ರೆ ಬರೀ ಕೈಯಲ್ಲಿ ಬರಬೇಕಂತೆ." ಆಮೇಲೆ ತಮ್ಮದೊಂದು ಮಾತು ಸೇರಿಸಿದರು: "ಏನ್ರೀ, ಜಗಳವಾ?"

ಜಗಳವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಹದಿನೆಂಟರಂದು ಕುಶಾಲಪ್ಪಣ್ಣ ಬರುವ ಮೊದಲೇ ನಾನು ದಾರಿಯಲ್ಲಿ ನಿಂತಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಎಂಥ ಬೆಳ್ಯಪ್ಪ, ಹಾಸಿಗೆ ನಿನ್ನ ಬಿಟ್ಟತಾ?" ದಂಡೆಲ್ಲ ನಕ್ಕಿತು. ಚಿನ್ನಮ್ಮಕ್ಕ, "ಕಾಲಿಗೆ ಸುಣ್ಣ ಹಚ್ಚಿಯೊಳನಾ ಕೇಳಿ. ಜಿಗಣೆ ಕಂಡ್ರೆ ಮರ ಹತ್ತುವ ಜನ" ಎಂದರು. ನನ್ನ ಗುಟ್ಟು ಊರಿಗೆಲ್ಲ ಗೊತ್ತಿತ್ತು ಎಂದು ಆಗಲೇ ನನಗೆ ತಿಳಿದದ್ದು. ಅಕ್ಕನಿಗೆ ಒಯ್ಯಬೇಕು, ಅವಳ ಸಾಲಿನವರಿಗೆಲ್ಲ ಆಗುವಷ್ಟು ಬೇಕು ಎಂದು ಈ ಸಲ ಬಾಯಿಬಿಟ್ಟು ಹೇಳಿದೆ. ಹೇಳಿದ್ದೇ ತಡ, ಅಜ್ಜಿಯರು ತಮ್ಮ ಮಡಿಲಿನಿಂದ ತೆಗೆದು ನನ್ನ ಗೋಣಿಗೆ ತುಂಬಿದರು. ಯಾರೋ ನನ್ನ ಕೊಡೆಯೊಳಗೆ ನುಗ್ಗಿ ನಡೆದರು. ಕಾಲಿಗೆ ಜಿಗಣೆ ಹತ್ತಿದ್ದು ಗೊತ್ತಾಗಲಿಲ್ಲ. ಬಸ್ಸಿನಲ್ಲಿ ರಕ್ತ ಸೋರಿ, ಪಕ್ಕದವರು ಹೇಳಿದ ಮೇಲೆ ನೋಡಿಕೊಂಡು ಪದ್ಧತಿಯಂತೆ ಹೆದರಿದೆ.

ಬಾಟಲಿ ಒಯ್ಯಲಿಲ್ಲ. ಬಾಡಿದರೆ ಬಾಡಲಿ, ಎಲೆಯನ್ನೇ ನೋಡಲಿ ಎಂದು ಗೋಣಿಯನ್ನೇ ಒಯ್ದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ನನ್ನ ಒಂಟಿತನದ ಮಾತು, ಅಪ್ಪನ ನೆನಪು, ಮಳೆಯ ವಿಚಾರ, ಎಲ್ಲವೂ ಅದರಲ್ಲಿತ್ತು. ಸೋಮವಾರಪೇಟೆ ದಾಟುವ ಹೊತ್ತಿಗೆ ಭಾಷಣ ಎಷ್ಟು ಚೆನ್ನಾಗಿ ಕುದುರಿತ್ತೆಂದರೆ ಅದರಲ್ಲಿ ನನ್ನ ತಪ್ಪೇ ಉಳಿದಿರಲಿಲ್ಲ.

ಅಕ್ಕ ಮಿಷನ್ನಿನ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಮುಖ ಅರಳಿತು, ಗೋಣಿಯನ್ನು ನೋಡಿ ಬಾಡಿತು. "ಬೊತ್ತು ಅಂತ ಹೇಳಿ ಕಳ್ಸಿದ್ದೆನಲ್ಲ" ಎಂದಳು. ಪುಟ್ಟತಾಯಮ್ಮ ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿದ್ದಾಳೆ, ಹೋದ ತಿಂಗಳು ಎರಡು ರವಕೆ ಹೊಲಿಸಿಕೊಂಡು ಹೋದಳು ಎಂದಳು. ಅಷ್ಟರಲ್ಲೇ ನನಗೆ ಎಲ್ಲ ಗೊತ್ತಾಯಿತು. ಅಕ್ಕ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು. "ನನ್ನ ಕೈಗೆ ಅದು ಒಲಿಯದು ಬೆಳ್ಯ. ನೀನು ಅಷ್ಟು ಕಷ್ಟಪಟ್ಟು ತಂದದ್ದನ್ನ ಮತ್ತೆ ಹಾಳು ಮಾಡೋದು ಬೊತ್ತು."

ಗೋಣಿಯ ವಾಸನೆಗೆ ಸಾಲಿನವರು ಬಾಗಿಲಿಗೆ ಬಂದು ಇಣುಕುತ್ತಿದ್ದರು. ನಾನು ಕಟ್ಟಿದ್ದ ಭಾಷಣದ ಒಂದಕ್ಷರವೂ ನೆನಪಾಗಲಿಲ್ಲ. ಅಕ್ಕನಿಗೆ ಮಾತ್ರ ಮೆಲ್ಲಗೆ ಹೇಳಿ ಮುಗಿಸೋಣವೆಂದು ಅವಳ ಹತ್ತಿರ ಬಾಗಿದೆ. ಆದರೆ ಇಡೀ ದಿನ ಎಂಜಿನ್ನಿನ ಪಕ್ಕ ಕೂತು, ಏರಿ ಇಳಿದು ಬಂದಿದ್ದರಿಂದ ನನ್ನ ಎರಡು ಕಿವಿಯೂ ಕಟ್ಟಿಹೋಗಿದ್ದವು. ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು ನಾನು ಹೇಳಿದ್ದು ಸಂತೆಮಾಳದ ಆಚೆ ತುದಿಗೂ ಕೇಳಿತಂತೆ:

"ಅಕ್ಕಾ, ಹೋದ ವರ್ಷ ತಂದದ್ದು ಹರಿವೆ ಸೊಪ್ಪು. ನಾನು ಹೊತ್ತಿಗೆ ಕಾಡಿಗೆ ಹೋಗಿರಲಿಲ್ಲ, ಮಲಗಿದ್ದೆ. ನಿನ್ನ ಕೈ ಸರಿ ಉಟ್ಟು. ತಪ್ಪು ನಂದು, ತಪ್ಪಾಯ್ತು ಅಕ್ಕಾ."