ಹಿತ್ತಲಲ್ಲೊಂದು ಅತ್ತೆಮನೆ

'ಮನೆ ಕಟ್ಟಿ ನೋಡು' ಅನ್ನೋ ಗಾದೆ ನನಗೇ ಸವಾಲು ಹಾಕಿದ ಹಾಗಿತ್ತು. ಕಟ್ಟೇ ನೋಡ್ತೀನಿ ಅಂತ ತೊಡೆ ತಟ್ಟಿದೆ! ಅದೂ ಊರಾಚೆ ಸೈಟಿನಲ್ಲಲ್ಲ, ಇರೋ ಮನೆಯ ಹಿತ್ತಲಲ್ಲೇ. ಒಂದು ಕೋಣೆ, ಪಕ್ಕದಲ್ಲೇ ಅಡುಗೆಗೆ ಒಂದು ಮೂಲೆ, ಒಂದು ಬಚ್ಚಲು. ಯಾರಿಗೆ? ನಮ್ಮ ಅತ್ತೆಗೆ!

ಅತ್ತೆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದು ನಿವೃತ್ತರಾದವರು. ಇಡೀ ವಾರ್ಡನ್ನು ಒಂದೇ ಕೆಮ್ಮಿನಲ್ಲಿ ಆಳಿದವರು. ಈಗ ಅವರ ಮೊಣಕಾಲು ಮುಷ್ಕರ ಹೂಡಿತ್ತು. ಅವರ ಬಾಡಿಗೆ ಮನೆಯೋ ಎರಡನೇ ಮಹಡಿಯಲ್ಲಿ. ನಮ್ಮ ಜೊತೆಗೇ ಇರಿ ಅಂದರೆ ಸುತರಾಂ ಒಪ್ಪಲಿಲ್ಲ.

"ಮಗಳ ಮನೇಲಿ ನೆಂಟರ ಥರ ಎಷ್ಟು ದಿನ ಇರೋದು? ನನ್ನದೂ ಅಂತ ಒಂದು ಬಾಗಿಲು ಬೇಕಪ್ಪ."

"ಅಷ್ಟೇ ತಾನೆ? ಗೋಡೆಗೆ ಮೇಸ್ತ್ರಿ, ಪ್ಲಾನಿಗೆ ನಾನು!" ಅಂದೆ.

ಹೆಂಡತಿ ನನ್ನ ಮುಖ ನೋಡಿದಳು. "ಪ್ಲಾನಿಗೂ ಬೇರೆ ಯಾರಾದ್ರೂ ಸಿಗಲ್ವಾ?"

ನಾನು ಕೇಳಬೇಕಲ್ಲ! ಪಾಯ ಗಟ್ಟಿಯಾಗಿರಲಿ ಅಂತ ಆಳಕ್ಕೆ ಅಗೆಸಿದೆ. ಇನ್ನೂ ಗಟ್ಟಿಯಾಗಿರಲಿ ಅಂತ ಇನ್ನೂ ಆಳಕ್ಕೆ. ಹಿತ್ತಲ ತುಂಬ ಮಣ್ಣಿನ ಗುಡ್ಡ! ಬಟ್ಟೆ ಒಣಹಾಕೋದಕ್ಕೆ ಹೆಂಡತಿ ಪರ್ವತಾರೋಹಣವನ್ನೇ ಮಾಡಬೇಕಾಯ್ತು.

"ರೀ, ಇದು ಅಡಿಪಾಯ ಅಲ್ಲ, ಅಡಿಗಡಿಗೂ ಅಪಾಯ! ಇಷ್ಟು ಮಣ್ಣು ಎಲ್ಲಿ ಹಾಕ್ತೀರಿ?"

ಥಟ್ಟನೆ ಹೊಳೆಯಿತು. ಅಷ್ಟೂ ಮಣ್ಣನ್ನು ಪಾಯದೊಳಕ್ಕೇ ತುಂಬಿಸಿ, ಅದರ ಮೇಲೆ ನೆಲ ಹಾಕಿಸಿದೆ. ನೆಲ ನನ್ನ ಸೊಂಟದೆತ್ತರಕ್ಕೆ ಬಂತು. ಮಳೆನೀರು ನುಗ್ಗಲ್ಲ, ಇಲಿ ಹತ್ತಲ್ಲ, ದೂರದಿಂದ ನೋಡಿದರೆ ಸಾಕ್ಷಾತ್ ಸಿಂಹಾಸನ! ಗೋಡೆ ಎದ್ದಿತು, ಚಾವಣಿ ಕೂತಿತು, ಬಾಗಿಲಿಗೆ ಹಸಿರು ಬಣ್ಣವೂ ಬಂತು.

ಅತ್ತೆ ಊರುಗೋಲು ಊರುತ್ತಾ ಬಂದರು. ಬಾಗಿಲು ನೋಡಿದರು. ಬಾಗಿಲ ಕೆಳಗಿದ್ದ ಮೆಟ್ಟಿಲುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ ಕೆಮ್ಮಿದರು.

ಅಯ್ಯೋ, ಮೆಟ್ಟಿಲು! ಕಟ್ಟಿಸುವಾಗ ಅವು ನನ್ನ ಕಣ್ಣಿಗೆ ಅಂದವಾಗಿ ಕಂಡಿದ್ದವೇ ಹೊರತು ಮೆಟ್ಟಿಲಾಗಿ ಕಂಡಿರಲೇ ಇಲ್ಲ!

"ಇಳಿಜಾರು ಹಾಕಿಸ್ತೀನಿ ಅತ್ತೆ! ಗಾಲಿಕುರ್ಚೀಲಿ ಮಹಾರಾಣಿ ಥರ ಹೋಗಿ ಬರಬಹುದು."

"ಹೆಸರಲ್ಲೇ ಇದೆಯಲ್ರೀ," ಅಂದಳು ಹೆಂಡತಿ, "ಇಳಿ, ಜಾರು!"

ಹಿಡಿದ ಹಟ ಬಿಡೋನಲ್ಲ ನಾನು. ಇಳಿಜಾರಿಗೆ ಉದ್ದ ಬೇಕು, ಹಿತ್ತಲಿಗೆ ಆ ಉದ್ದ ಇಲ್ಲ. ಪುಟ್ಟ ಮನೆಯಿಂದ ಹೊರಟ ಇಳಿಜಾರು ನೇರ ನಮ್ಮ ಹಿಂಬಾಗಿಲ ಹೊಸ್ತಿಲಿಗೇ ಬಂದು ಮುಟ್ಟಿತು. ಸಿಮೆಂಟು ಒಣಗಿದ ಕೂಡಲೇ ಗಾಲಿಕುರ್ಚಿ ತರಿಸಿ, ಅತ್ತೆಯನ್ನು ಅದರಲ್ಲಿ ಕೂರಿಸಿ, ಏದುಸಿರು ಬಿಡುತ್ತಾ ತಳ್ಳಿಕೊಂಡು ಹೋಗಿ ತುದಿ ಮುಟ್ಟಿಸಿದೆ. ಗೆದ್ದೆ! ಕುರ್ಚಿಯ ಮುಂದಕ್ಕೆ ಬಂದು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಪುಟ್ಟ ಮನೆಯ ಬಾಗಿಲು ಎಳೆದೆ.

ಒಳಗೆ ಜಾಗ ಉಳಿಯಲಿ ಅಂತ ಬಾಗಿಲು ಹೊರಕ್ಕೆ ತೆರೆಯೋ ಹಾಗೆ ಮಾಡಿಸಿದ್ದೆ. ಅದೂ ನನ್ನದೇ ಪ್ಲಾನು! ಬಾಗಿಲು ಕುರ್ಚಿಗೆ ಬಡಿಯಿತು, ನನ್ನ ಹಿಡಿತ ತಪ್ಪಿತು. ಅತ್ತೆ ನನ್ನ ಕಡೆ ನೋಡುತ್ತಲೇ ಹಿಮ್ಮುಖವಾಗಿ ಹೊರಟರು! ತೆರೆದೇ ಇದ್ದ ನಮ್ಮ ಹಿಂಬಾಗಿಲು ದಾಟಿದರು, ಅಡುಗೆಮನೆ ದಾಟಿದರು. ಹೆಂಡತಿ ಪಾತ್ರೆ ಸಮೇತ ಪಕ್ಕಕ್ಕೆ ಹಾರಿದಳು. ಕುರ್ಚಿ ನಡುಮನೆಯ ಸೋಫಾಗೆ ಮೆತ್ತಗೆ ಒರಗಿ ನಿಂತಿತು.

ಓಡಿ ಹೋಗಿ ಅವರ ಕಾಲ ಬಳಿ ಕುಸಿದೆ.

"ಅತ್ತೆ! ಪೆಟ್ಟಾಯ್ತಾ?"

"ಏನೂ ಆಗಿಲ್ಲ, ಏಳಿ," ಅಂದರು, ಕನ್ನಡಕ ಸರಿಮಾಡಿಕೊಳ್ಳುತ್ತಾ. ಹಿತ್ತಲ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.

"ಹಾಗಾದ್ರೆ... ಮನೆ ಇಷ್ಟ ಆಗ್ಲಿಲ್ವಾ?"

ಅತ್ತೆ ಕರಗಿಹೋದರು. ನನ್ನ ತಲೆ ನೇವರಿಸಿದರು.

"ಛೆ ಛೆ, ಮನೆ ಬಂಗಾರದಂಥಾದ್ದು ಅಳಿಯಂದ್ರೇ! ಈ ಮೊಣಕಾಲು ಒಂದು ಪೂರ್ತಿ ವಾಸಿಯಾಗ್ಲಿ, ಆವತ್ತೇ ಅಲ್ಲಿಗೆ ಹೋಗ್ಬಿಡ್ತೀನಿ!"