ಅಳುವವರ ರಿಜಿಸ್ಟರು

ಸ್ಕೂಲಿನ ಆಫೀಸಿನಲ್ಲಿ ಕೂತವನಿಗೆ ನಗಬೇಕೆಂದರೆ ನಾಟಕಕ್ಕೆ ಹೋಗುವ ಅಗತ್ಯ ಬೀಳುವುದಿಲ್ಲ. ಬೇಸಿಗೆ ಬಂದರೆ ಸಾಕು, ನಾಟಕವೇ ಅರ್ಜಿ ಹಿಡಿದುಕೊಂಡು ಕಿಟಕಿಗೆ ಬರುತ್ತದೆ. ಮೈಸೂರಿನ ಒಂದು ದೊಡ್ಡ ರೆಸಿಡೆನ್ಷಿಯಲ್ ಸ್ಕೂಲಿನಲ್ಲಿ ನಾನು ಬಹಳ ವರ್ಷ ಗುಮಾಸ್ತನಾಗಿದ್ದೆ. ಹೆಸರು ಹೇಳುವುದಿಲ್ಲ. ಪಿಂಚಣಿ ಬರುತ್ತಿದೆ, ಸುಮ್ಮನೆ ಯಾಕೆ.

ಜಹಗೀರುದಾರರ, ಅರಮನೆ ಅಧಿಕಾರಿಗಳ ಮಕ್ಕಳಿಗೆಂದೇ ಕಟ್ಟಿದ ಸ್ಕೂಲು ಅದು. ದಸರೆಯಲ್ಲಿ ಇಲ್ಲಿನ ಹುಡುಗರು ಬನ್ನಿಮಂಟಪದವರೆಗೂ ಕುದುರೆಯ ಮೇಲೆ ಹೋಗುತ್ತಿದ್ದರಂತೆ. ಸ್ವಾತಂತ್ರ್ಯ ಬಂತು, ಬಾಗಿಲು ಎಲ್ಲರಿಗೂ ತೆರೆಯಿತು. ಅಷ್ಟೇ ಅಲ್ಲ, ವರ್ಷಕ್ಕೊಂದು ಫ್ರೀ ಸೀಟು ಹಳ್ಳಿಯ ಹುಡುಗನಿಗೆ ಎಂದು ನಿಗದಿಯಾಯಿತು. ಒಂದು ವರ್ಷ ಆ ಒಂದು ಸೀಟಿಗಾಗಿ ಬೋಗಾದಿಯ ಒಬ್ಬ ರೈತ ಪಟ್ಟ ಪಾಡನ್ನು ಹೇಳುತ್ತೇನೆ. ಆತನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಇದ್ದವನು ಒಬ್ಬನೇ ಮಗ, ಒಂಬತ್ತು ವರ್ಷದವನು. "ನನ್ನ ತಾವ್ಲೇ ಇದ್ರೆ ಎತ್ತಿನ ಬಾಲ ಹಿಡ್ಕಂಡೇ ಇದ್ಬುಡ್ತಾನೆ. ಅವ್ರವ್ವ ಸಾಯೋವಾಗ ಓದ್ಸು ಅಂದ್ಲು" ಎಂದು ಆತ ಕಿಟಕಿಯ ಬಳಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಸವಾರಿಯ ಕಾಲಂ

ಕಾಲ ಬದಲಾಗಿತ್ತು, ಅರ್ಜಿ ಬದಲಾಗಿರಲಿಲ್ಲ. ಹಳೆಯ ಅರ್ಜಿಗಳು ಎರಡು ಬೀರು ತುಂಬ ಉಳಿದಿದ್ದವು. ನಮ್ಮ ಹೆಡ್‌ಮಾಸ್ಟರು ಕಾಗದದ ಚೂರನ್ನೂ ದಂಡ ಮಾಡುವವರಲ್ಲ, ಹಳೆಯದು ಮುಗಿಯದೆ ಹೊಸದು ಅಚ್ಚು ಹಾಕಿಸಕೂಡದು ಎಂದುಬಿಟ್ಟರು. ಹಾಗಾಗಿ ಸ್ವತಂತ್ರ ಭಾರತದ ಪ್ರಜೆಗಳು 'ಬಾಲಕನ ಜೊತೆ ಬರುವ ಆಳುಗಳು', 'ಸವಾರಿಯ ಪ್ರಾಣಿ' ಎಂಬ ಕಾಲಂಗಳನ್ನೂ ತುಂಬಬೇಕಾಯಿತು.

ಮಗನಿಗೆ ಅರ್ಜಿ ಹಾಕಿದ ಬೇರೊಂದು ಕಚೇರಿಯ ಗುಮಾಸ್ತರೊಬ್ಬರು ಆಳುಗಳ ಕಾಲಂನಲ್ಲಿ ತಮ್ಮ ಹೆಸರನ್ನೇ ಬರೆದಿದ್ದರು. ಏನ್ರೀ ಇದು ಎಂದು ಕೇಳಿದೆ. "ಟ್ರಂಕು ಹೊರೋನು ನಾನೇ ಅಲ್ವೇನ್ರೀ?" ಎಂದರು. ನಾನೂ ಗುಮಾಸ್ತ, ನನಗೂ ಮೂರು ಮಕ್ಕಳು. ಮೊಹರು ಒತ್ತಿದೆ.

ಬೋಗಾದಿಯ ರೈತನಿಗೆ ಓದು ಬರುತ್ತಿರಲಿಲ್ಲ. ಊರಿನ ಮೇಷ್ಟ್ರು ಅರ್ಜಿ ಓದಿ ಹೇಳಿದ್ದಾರೆ, ಆತ ಕೇಳಿಸಿಕೊಂಡಿದ್ದಾನೆ. ಅರ್ಜಿ ಕೊಡುವ ದಿನ ಬೆಳಗ್ಗೆ ಆಫೀಸಿನ ಮೆಟ್ಟಿಲ ಹತ್ತಿರ ಒಂದು ಬಿಳಿ ಎತ್ತು ನಿಂತಿತ್ತು, ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಬಳಿಸಿಕೊಂಡು. ಅದರ ಬೆನ್ನ ಮೇಲೆ ಹುಡುಗ ಮಹಾ ಗಂಭೀರವಾಗಿ ಕೂತಿದ್ದ.

"ಕುದ್ರೆ ಇಲ್ಲ ಬುದ್ಧಿ. ಜೋಡೀಲಿ ಒಳ್ಳೇದ್ನೇ ತಂದಿವ್ನಿ. ಇದ್ರ ಮ್ಯಾಲೆ ಕೂತ್ರೆ ಇವ್ನು ಬೀಳಾಕಿಲ್ಲ" ಎಂದ ಆತ.

ಗಲಾಟೆ ಕೇಳಿ ಹೆಡ್‌ಮಾಸ್ಟರು ಹೊರಗೆ ಬಂದರು. ಅವರು ನಗುವವರಲ್ಲ. ಎತ್ತನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇದನ್ನೂ ಇಲ್ಲೇ ಬಿಟ್ಟು ಹೋಗುತ್ತೀರಾ?" ಎಂದು ಕೇಳಿದರು.

ಆತ ನಿಜವಾಗಿಯೂ ಕಷ್ಟಕ್ಕೆ ಸಿಕ್ಕಿಬಿದ್ದ. ಎತ್ತಿನ ಮುಖ ನೋಡಿದ, ಮಗನ ಮುಖ ನೋಡಿದ. "ಬಿಡು ಅಂದ್ರೆ ಬುಟ್ಟೋಗ್ತೀನಿ ಬುದ್ಧಿ. ಆದ್ರೆ ಇಬ್ರೂ ಓದಾಕೆ ಸೇರ್ಕಂಡ್ರೆ ಉಳೋರ್ಯಾರು?" ಎಂದ.

ಅಮಲ್ದಾರರ ಕಾಗದ

ಸೀಟು ಒಂದು, ಶಿಫಾರಸು ನೂರು. ಮಂತ್ರಿಗಳ ಭಾವಮೈದುನ ಬರೆದದ್ದು, ಮಠದಿಂದ ಬಂದದ್ದು, ಯಾವುದೋ ಕಾಲದಲ್ಲಿ ಅರಮನೆಯಲ್ಲಿ ವೀಣೆ ನುಡಿಸಿದವರು ಬರೆದದ್ದು. ಹೆಡ್‌ಮಾಸ್ಟರಿಗೆ ರೇಗಿಹೋಯಿತು. 'ದೊಡ್ಡ ಮನುಷ್ಯರ ಕಾಗದ ತಂದವರ ಅರ್ಜಿಯನ್ನು ವಜಾ ಮಾಡಲಾಗುವುದು' ಎಂದು ಬೋರ್ಡು ಬರೆಸಿ ತೂಗುಹಾಕಿದರು. ಮಾರನೆಯ ದಿನವೇ ಒಬ್ಬರು, ಆ ಬೋರ್ಡಿನಿಂದ ತಮಗೆ ಮಾತ್ರ ವಿನಾಯಿತಿ ಕೊಡಬೇಕೆಂದು ಒಬ್ಬ ದೊಡ್ಡ ಮನುಷ್ಯರಿಂದ ಕಾಗದ ತಂದರು.

ನಮ್ಮ ರೈತನಿಗೆ ಬೋರ್ಡಿನ ಸುದ್ದಿ ಯಾರೋ ಹೇಳಿದರು. ದೊಡ್ಡವರ ಪರಿಚಯ ಇಲ್ಲದವರಿಗೇ ಸೀಟು ಎಂದು ಆತ ತಿಳಿದುಕೊಂಡ. ಪರಿಚಯ ಇಲ್ಲ ಎನ್ನುವುದಕ್ಕೆ ರುಜುವಾತು ಬೇಡವೇ? ಮೂರು ದಿನ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಾದು, ಅಮಲ್ದಾರರಿಂದ ಒಂದು ಕಾಗದ ಮಾಡಿಸಿಕೊಂಡು ಬಂದ. 'ಸದರಿ ರೈತನಿಗೆ ಯಾವ ದೊಡ್ಡ ಮನುಷ್ಯರ ಪರಿಚಯವೂ ಇರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.' ಕೆಳಗೆ ರುಜು, ಮೊಹರು.

ಹೆಡ್‌ಮಾಸ್ಟರು ತಾವು ಬರೆಸಿದ ಬೋರ್ಡನ್ನು ತಾವೇ ಮೀರುವವರಲ್ಲ. ಅಮಲ್ದಾರರೂ ದೊಡ್ಡ ಮನುಷ್ಯರೇ, ಅವರ ಕಾಗದ ತಂದದ್ದರಿಂದ ಅರ್ಜಿ ವಜಾ ಆಗಬೇಕು. ಕಾಗದದಲ್ಲಿರುವುದು ನಿಜವಾದರೆ ವಜಾ ಮಾಡುವ ಹಾಗಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಓದಿದ ಮೇಲೆ ಫ್ಯಾನಿನ ಕಡೆ ನೋಡುತ್ತಾ ಕೂತುಬಿಟ್ಟರು.

ಆತನಿಗೆ ಗಾಬರಿಯಾಯಿತು. ಕೈಮುಗಿದುಕೊಂಡು, "ಸುಳ್ಳೇಳಾಕಿಲ್ಲ ಬುದ್ಧಿ, ಈ ಕಾಗ್ದ ಮಾಡ್ಸೋವಾಗ ಅಮಲ್ದಾರ್ರು ಪರಿಚ್ಯ ಆಗ್ಬುಟ್ರು. ಅವ್ರೊಬ್ರನ್ನ ಬುಟ್ಬುಡಿ" ಎಂದ.

ಫ್ರೀ ಸೀಟಿಗೆಂದು ಇಟ್ಟಿದ್ದ ಪರೀಕ್ಷೆಯಲ್ಲಿ ಹುಡುಗ ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದ. ಹೆಡ್‌ಮಾಸ್ಟರು ಕಾಗದವನ್ನು ಮಡಿಸಿ ತಮ್ಮ ಜೇಬಿನಲ್ಲಿಟ್ಟುಕೊಂಡು, ಆಫೀಸಿಗೆ ಯಾವ ಕಾಗದವೂ ಬಂದಿಲ್ಲ ಎಂದು ನನಗೆ ಹೇಳಿದರು.

ಏಳು ದಿನ

ಸೀಟು ಸಿಕ್ಕಿತು ಎಂದರೆ ಸಿಕ್ಕಂತಲ್ಲ. ಸ್ಕೂಲು ಶುರುವಾದಾಗಿನಿಂದ ಒಂದು ಪದ್ಧತಿ ಇತ್ತು. ಹೊಸ ಹುಡುಗರು ಏಳು ದಿನ ತಂದೆತಾಯಿಯ ಮುಖ ನೋಡದೆ ಹಾಸ್ಟೆಲಿನಲ್ಲಿರಬೇಕು. ಮೊದಲ ಆರು ದಿನ ಎಷ್ಟಾದರೂ ಅಳಲಿ. ಏಳನೆಯ ದಿನವೂ ಅತ್ತರೆ ಹಾಸ್ಟೆಲಿಗೆ ಒಗ್ಗುವುದಿಲ್ಲವೆಂದು ಮನೆಗೆ ಕಳಿಸಿ, ಪಟ್ಟಿಯಲ್ಲಿ ಮುಂದಿನವನಿಗೆ ಸೀಟು ಕೊಡುವುದು. ಇದಕ್ಕೊಂದು ರಿಜಿಸ್ಟರು. ದಿನಾ ಸಂಜೆ ಯಾರು ಅತ್ತರು, ಎಷ್ಟು ಹೊತ್ತು ಅತ್ತರು ಎಂದು ಬರೆಯುವ ಕರ್ಮ ನನ್ನದು. 'ಸಾಧಾರಣ', 'ಬಿಕ್ಕಿ', 'ಊಟ ಬಿಟ್ಟು' ಎಂದು ಮೂರು ದರ್ಜೆ ಮಾಡಿಕೊಂಡಿದ್ದೆ. ಮನೆಯಲ್ಲಿ ನನ್ನ ಕೊನೆಯ ಮಗಳು ಅತ್ತರೂ ಹೆಂಡತಿ, "ಬರ್ಕೊಳ್ಳಿ, ಸಾಧಾರಣ" ಎನ್ನುತ್ತಿದ್ದಳು.

ಆ ವರ್ಷ ಜಹಗೀರುದಾರರೊಬ್ಬರ ಮೊಮ್ಮಗ ಮೊದಲ ದಿನವೇ ಮೂರೂ ದರ್ಜೆಯಲ್ಲಿ ಅತ್ತ. ಅವನ ಅಜ್ಜಿ ಕಾರಿನಲ್ಲಿ ಬಂದು ನನ್ನ ಕಿಟಕಿಯಲ್ಲಿ ಜಗಳಕ್ಕೆ ನಿಂತರು. ಮಗುವನ್ನು ಅಳಿಸಿದ್ದಕ್ಕಲ್ಲ, 'ಸಾಧಾರಣ' ಎಂದೂ ಬರೆದದ್ದಕ್ಕೆ. "ನಮ್ಮ ಮನೆತನದಲ್ಲಿ ಸಾಧಾರಣವಾಗಿ ಯಾರೂ ಅಳಲ್ಲ, ತಿದ್ರಿ" ಎಂದರು.

ರೈತನ ಮಗ ಅಳಲೇ ಇಲ್ಲ. ಎರಡು ಹೊತ್ತು ಅನ್ನ, ಮಲಗಲು ಮಂಚ, ಓದಲು ಬಣ್ಣದ ಪುಸ್ತಕ. ಅವನ ಹೆಸರಿನ ಮುಂದೆ ದಿನಾ ಸೊನ್ನೆ ಹಾಕುತ್ತಿದ್ದೆ, ಸಂತೋಷದಿಂದ ಹಾಕುತ್ತಿದ್ದೆ.

ಮೂರನೆಯ ದಿನ ಸಂಜೆ ಹಾಸ್ಟೆಲಿನ ಅಡುಗೆಮನೆಯ ಹಿಂದೆ ಹೋದರೆ, ಹುಡುಗನ ಅಪ್ಪ ಮಹಾರಾಯ ಸೊಪ್ಪಿನ ಬುಟ್ಟಿ ಹೊತ್ತುಕೊಂಡು ನಿಂತಿದ್ದಾನೆ. ಆಟದ ಮೈದಾನದ ಕಡೆ ನೋಡುತ್ತಿದ್ದಾನೆ, ಕಣ್ಣಿಂದ ನೀರು ಇಳಿಯುತ್ತಿದೆ. ಇಲ್ಲಿಗೆ ಬರಬಾರದು, ಸೀಟು ಹೋಗುತ್ತದೆ ಎಂದು ಗದರಿದೆ.

"ಅಪ್ಪ ಅವ್ವ ಬರ್ಬಾರ್ದು ಅಂತ ತಾನೇ ಬುದ್ಧಿ? ನಾನು ಸೊಪ್ಪಿನೋನಾಗಿ ಬಂದಿವ್ನಿ. ಮಾತಾಡ್ಸಾಕಿಲ್ಲ, ದೂರದಿಂದ್ಲೇ ನೋಡ್ಕಂಡೋಯ್ತೀನಿ."

ನಿಯಮದಲ್ಲಿ ಸೊಪ್ಪಿನವರ ಬಗ್ಗೆ ಏನೂ ಇರಲಿಲ್ಲ. ನಾನು ಕಾಣದವನ ಹಾಗೆ ಹೊರಟುಬಂದೆ. ಆತ ದಿನಾ ಬಂದ, ಬುಟ್ಟಿ ತುಂಬ ತಂದ. ಆ ವಾರವಿಡೀ ಜಹಗೀರುದಾರರ ಮೊಮ್ಮಗನೂ ಸೇರಿ ಇಡೀ ಹಾಸ್ಟೆಲು ದಂಟಿನ ಸೊಪ್ಪಿನ ಸಾರನ್ನೇ ತಿಂದಿತು. ಅದಕ್ಕೆ ಅತ್ತವರನ್ನು ನಾನು ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಏಳನೆಯ ದಿನ

ಕೊನೆಯ ಸಂಜೆ ಹೆಡ್‌ಮಾಸ್ಟರು ತಾವೇ ಒಂದು ಸುತ್ತು ಹೊರಟರು. ರಿಜಿಸ್ಟರು ಹಿಡಿದು ನಾನು ಹಿಂದೆ. ಹಜಾರದಲ್ಲಿ ಉಳಿದ ಹುಡುಗರೆಲ್ಲ ಇದ್ದರು, ಯಾರೂ ಅಳುತ್ತಿರಲಿಲ್ಲ. ಒಂದು ಮಂಚ ಮಾತ್ರ ಖಾಲಿ, ಫ್ರೀ ಸೀಟಿನದು. ಅಡುಗೆಮನೆಯ ಹತ್ತಿರ ಬರುತ್ತಿದ್ದಂತೆ ಹುಣಸೆಮರದ ಆಚೆಯಿಂದ ಬಿಕ್ಕುವ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಬರೆದುಕೊಳ್ಳಿ" ಎಂದರು ಹೆಡ್‌ಮಾಸ್ಟರು. ಆರು ಸೊನ್ನೆಗಳ ಮುಂದೆ 'ಬಿಕ್ಕಿ' ಎಂದು ಬರೆಯುವುದು ನನ್ನಿಂದಾಗದು ಎನಿಸಿತು. ಪೆನ್ನಿನ ಇಂಕು ಮುಗಿದಿದೆ ಎಂದು ಸುಳ್ಳು ಹೇಳಿ ಅವರ ಹಿಂದೆ ಹೋದೆ.

ಮರದ ಆಚೆ ಅಪ್ಪ ಬುಟ್ಟಿ ಬೋರಲು ಹಾಕಿಕೊಂಡು ಕೂತು, ಟವಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮಗ ಮುಂದೆ ನಿಂತು ಅವನ ತಲೆ ಸವರುತ್ತಿದ್ದ.

"ಅಳ್ಬ್ಯಾಡ ಕಣಪ್ಪ, ಸುಮ್ಕಿರು. ಇವತ್ತು ಏಳ್ನೇ ದಿನ. ದೊಡ್ ಮೇಷ್ಟ್ರು ನೋಡ್ಬುಟ್ರೆ ನಿನ್ನನ್ನ ಮನೇಗೆ ಕಳಿಸ್ಬುಡ್ತಾರೆ."

ಹೆಡ್‌ಮಾಸ್ಟರು ಅಲ್ಲೇ ನಿಂತರು. ನನ್ನ ಕೈಯಿಂದ ರಿಜಿಸ್ಟರು ತೆಗೆದುಕೊಂಡು, ತಮ್ಮ ಪೆನ್ನಿನಿಂದ ತಾವೇ ಬರೆದರು: 'ಬಾಲಕ ಅಳಲಿಲ್ಲ. ಸೀಟು ಖಾಯಂ. ತಂದೆಗೆ ಇನ್ನೊಂದು ವಾರ ಕಾಲಾವಕಾಶ ಕೊಡಲಾಗಿದೆ.' ರುಜು ಹಾಕಿ, ಅಪ್ಪನಿಗೆ ಓದಿ ಹೇಳಿ, ಹಿಂತಿರುಗಿ ನೋಡದೆ ಹೊರಟುಹೋದರು.

ಆತ ಅದನ್ನು ಸರ್ಕಾರಿ ಹುಕುಂ ಎಂದೇ ತಿಳಿದ. ಒಂದು ವಾರ ತಪ್ಪದೆ ಬಂದು, ಮಗನೊಂದಿಗೆ ಮಾತಾಡಿ, ಅತ್ತು ಹೋದ. ವಾರ ಮುಗಿದ ದಿನ ಸಂಜೆ ಒಗೆದ ಅಂಗಿ ತೊಟ್ಟು ಆಫೀಸಿಗೆ ಬಂದು, ಕಿಟಕಿಯ ಮುಂದೆ ನೆಟ್ಟಗೆ ನಿಂತ.

"ನಿಂತೋಯ್ತು ಬುದ್ಧಿ. ನೋಡ್ಕಳಿ, ಬರ್ಕಳಿ."

ನೋಡಿದೆ. ಕಣ್ಣು ಒಣಗಿತ್ತು, ತುಟಿ ಮಾತ್ರ ಅದುರುತ್ತಿತ್ತು. 'ತಂದೆ ಅಳಲಿಲ್ಲ' ಎಂದು ಬರೆದು, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆತ ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಂಡು, ಹೊರಡುವವನು ಮತ್ತೆ ಕಿಟಕಿಗೆ ಬಾಗಿದ.

"ಗೇಟಿನ್ ಆಚ್ಗೋಗಿ ಅತ್ರೆ ಅದ್ನೂ ಬರ್ಕತೀರಾ ಬುದ್ಧಿ?"

"ಇಲ್ಲಪ್ಪ, ಗೇಟಿನ ಆಚೆಯದು ನಮ್ಮ ರಿಜಿಸ್ಟರಿಗೆ ಬರಲ್ಲ" ಎಂದೆ.

ಆತ ಕೈಮುಗಿದು, ಗೇಟಿನ ಕಡೆ ಓಡತೊಡಗಿದ.